ಬೈಕಿಗೆ ಕ್ರ್ಯಾಶ್ ಗಾರ್ಡ್ ಹಾಕಿಸಬೇಕೆ? ಹೊಸ ಸವಾರರಿಗೆ ಒಂದಿಷ್ಟು ತಿಳಿವಳಿಕೆ

ಹೊಸ ಬೈಕಿನ ಡೆಲಿವರಿ ತೆಗೆದುಕೊಳ್ಳುವ ದಿನ ಶೋರೂಮಿನವರು ಒಂದು ಪಟ್ಟಿ ಹಿಡಿದು ಬರುತ್ತಾರೆ. ಸೀಟ್ ಕವರ್, ಟ್ಯಾಂಕ್ ಕವರ್, ಸಾರಿ ಗಾರ್ಡ್, ಕ್ರ್ಯಾಶ್ ಗಾರ್ಡ್. ಯಲಹಂಕದಲ್ಲಿ ಕೊಂಡರೂ ಅಷ್ಟೆ, ಯಶವಂತಪುರದಲ್ಲಿ ಕೊಂಡರೂ ಅಷ್ಟೆ. ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದ ಹುಡುಗನ ಕಣ್ಣು ಬೈಕಿನ ಬಣ್ಣದ ಮೇಲಿದ್ದರೆ, ಜೊತೆಗೆ ಬಂದ ಅಮ್ಮನ ಕಣ್ಣು ಆ ಉಕ್ಕಿನ ಕೊಳವೆಯ ಮೇಲೆ. "ಅದೊಂದು ಹಾಕಿಸಿಬಿಡಿ ಸಾರ್, ಬಿದ್ದರೂ ಕಾಲಿಗೆ ಏನೂ ಆಗಬಾರದು" ಅನ್ನುತ್ತಾರೆ. ಬೈಕ್ ಕಲಿಯಲು ಬರುವವರ ಮನೆಯವರೂ ನನ್ನನ್ನು ಮೊದಲು ಕೇಳುವುದು ಇದನ್ನೇ.

ಆ ಆತಂಕ ಸಹಜ. ಹಾಗಾಗಿ ಉತ್ತರವನ್ನು ನೇರವಾಗಿಯೇ ಹೇಳುತ್ತೇನೆ. ಕ್ರ್ಯಾಶ್ ಗಾರ್ಡ್ ಇರುವುದು ಮುಖ್ಯವಾಗಿ ಬೈಕನ್ನು ಕಾಪಾಡುವುದಕ್ಕೆ. ಸವಾರನಿಗೆ ಅದರಿಂದ ಒಂದು ಬಗೆಯ ಬೀಳುವಿಕೆಯಲ್ಲಿ ಮಾತ್ರ ಉಪಕಾರವಿದೆ. ಇನ್ನೊಂದು ಬಗೆಯಲ್ಲಿ ಉಪಕಾರವಿಲ್ಲ, ಕೆಲವೊಮ್ಮೆ ಅಪಕಾರವೂ ಆಗುತ್ತದೆ. ಈ ಎರಡನ್ನು ಬೇರೆಬೇರೆಯಾಗಿ ನೋಡಲು ಕಲಿತರೆ ಹಾಕಿಸಬೇಕೋ ಬೇಡವೋ ಎಂಬುದನ್ನು ನೀವೇ ತೀರ್ಮಾನಿಸಬಹುದು.

ಮೊದಲು ವಸ್ತುವನ್ನು ನೋಡೋಣ. ಅಂಗಡಿಯಲ್ಲಿ ಇದನ್ನು ಲೆಗ್ ಗಾರ್ಡ್, ಎಂಜಿನ್ ಗಾರ್ಡ್ ಎಂದೂ ಕರೆಯುತ್ತಾರೆ. ಎಂಜಿನ್ನಿನ ಮುಂದೆ ಚಾಸಿಯ ಕೊಳವೆಗೆ ಬೋಲ್ಟಿನಿಂದ ಬಿಗಿದು, ಎಡಕ್ಕೂ ಬಲಕ್ಕೂ ಚಾಚಿರುವ ಬಾಗಿಸಿದ ಉಕ್ಕಿನ ಪೈಪು ಅದು. ಕೆಲವು ಚಿಕ್ಕವು, ಎಂಜಿನ್ನಿನ ಅಗಲಕ್ಕಿಂತ ಸ್ವಲ್ಪವೇ ಹೊರಗೆ ಬರುತ್ತವೆ. ಚಿಟ್ಟೆಯ ರೆಕ್ಕೆಯ ಆಕಾರದಲ್ಲಿರುವ ದೊಡ್ಡವನ್ನು ಬಟರ್‌ಫ್ಲೈ ಗಾರ್ಡ್ ಎನ್ನುತ್ತಾರೆ. ಸ್ಪೋರ್ಟ್ಸ್ ಬೈಕುಗಳಿಗೆ ಪೈಪಿನ ಬದಲು ಗಟ್ಟಿ ನೈಲಾನಿನ ಗುಬುಟುಗಳು ಬರುತ್ತವೆ, ಅವು ಫ್ರೇಮ್ ಸ್ಲೈಡರ್. ಸ್ಕೂಟರಿಗೆ ಸುತ್ತಲೂ ಹಾಕುವ ಸ್ಟೀಲ್ ಪೈಪಿನ ಕೆಲಸ ಬಾಡಿಯ ಬಣ್ಣ ಉಳಿಸುವುದಷ್ಟೇ.

ಈಗ ಬೀಳುವ ಮಾತು. ಹೊಸಬರು ಬೀಳುವುದು ಹೆಚ್ಚಾಗಿ ನಿಂತಲ್ಲೇ, ಇಲ್ಲವೇ ನಡಿಗೆಯ ವೇಗದಲ್ಲಿ. ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ ವಾಹನಗಳು ನಿಂತಾಗ ಕ್ಲಚ್ ಬಿಡುವುದು ಒಂದಿಷ್ಟು ತಪ್ಪಿ ಎಂಜಿನ್ ಆಫ್ ಆಗುತ್ತದೆ, ಕಾಲೂರಿದ ಕಡೆ ಜಲ್ಲಿ ಇರುತ್ತದೆ, ಬೈಕು ವಾಲುತ್ತದೆ. ಆರ್.ಟಿ. ನಗರದ ಅಡ್ಡರಸ್ತೆಯಲ್ಲಿ ಯೂ ಟರ್ನ್ ಮಾಡುವಾಗ ಹ್ಯಾಂಡಲ್ ಪೂರ್ತಿ ತಿರುಗಿಸಿ ಮುಂದಿನ ಬ್ರೇಕ್ ಹಿಡಿದರೆ ಆಗುವುದೂ ಇದೇ. ಮೆಟ್ರೊ ಕಾಮಗಾರಿಯ ಗುಂಡಿಗೆ ಮುಚ್ಚಿದ ಕಬ್ಬಿಣದ ಹಲಗೆ ಮಳೆಯಲ್ಲಿ ನೆನೆದಿದ್ದರೆ ಚಕ್ರ ಪಕ್ಕಕ್ಕೆ ಜಾರುತ್ತದೆ. ವೈಟ್ ಟಾಪಿಂಗ್ ಆದ ರಸ್ತೆಯ ಕಾಂಕ್ರೀಟ್ ಅಂಚು ಪಕ್ಕದ ಮಣ್ಣಿಗಿಂತ ಎತ್ತರವಿರುವ ಕಡೆ, ಕೆಳಗಿಳಿದ ಬೈಕನ್ನು ಓರೆಯಾಗಿ ಮೇಲೆ ಹತ್ತಿಸಹೋದವರು ಬೀಳುತ್ತಾರೆ.

ಇಂಥ ಕಡೆ ಗಾರ್ಡ್ ನಿಜವಾಗಿ ಕೆಲಸ ಮಾಡುತ್ತದೆ. ಹೇಗೆಂದು ಹತ್ತಿರದಿಂದ ನೋಡಿ. ಗಾರ್ಡ್ ಇಲ್ಲದ ಬೈಕು ಬಿದ್ದರೆ ನೆಲಕ್ಕೆ ತಾಗುವುದು ಹ್ಯಾಂಡಲಿನ ತುದಿ, ಕ್ಲಚ್ ಅಥವಾ ಬ್ರೇಕ್ ಲಿವರ್, ಫುಟ್‌ರೆಸ್ಟ್, ಇಂಡಿಕೇಟರ್. ಕೆಲವು ಮಾದರಿಗಳಲ್ಲಿ ಎಂಜಿನ್ನಿನ ಪಕ್ಕದ ಕವರ್ ಕೂಡ. ಕವರಿನೊಳಗೆ ಎಂಜಿನ್ ಆಯಿಲ್ ಇರುತ್ತದೆ. ಕಲ್ಲಿನ ಮೂಲೆ ತಗುಲಿ ಕವರ್ ಬಿರುಕು ಬಿಟ್ಟರೆ ಆಯಿಲ್ ಸೋರಿ ಬೈಕು ಅಲ್ಲೇ ನಿಲ್ಲುತ್ತದೆ. ಲಿವರ್ ಮುರಿದರೆ ಮನೆ ತಲುಪುವುದೇ ಕಷ್ಟ. ಗಾರ್ಡ್ ಇದ್ದರೆ ಬೈಕು ಗಾರ್ಡಿನ ತುದಿ, ಫುಟ್‌ರೆಸ್ಟ್, ಹ್ಯಾಂಡಲಿನ ತುದಿ ಈ ಮೂರರ ಮೇಲೆ ಕೂರುತ್ತದೆ, ಒಲೆಯ ಮೂರು ಕಲ್ಲಿನ ಮೇಲೆ ಪಾತ್ರೆ ಕೂತಂತೆ. ಎಂಜಿನ್ ಕವರ್ ನೆಲಕ್ಕೆ ತಾಗುವುದಿಲ್ಲ. ಬೈಕಿಗೂ ರಸ್ತೆಗೂ ನಡುವೆ ಒಂದಿಷ್ಟು ಜಾಗ ಉಳಿಯುವುದರಿಂದ ಮೊಣಕಾಲಿನ ಕೆಳಭಾಗ ಅಪ್ಪಚ್ಚಿಯಾಗುವುದು ತಪ್ಪುತ್ತದೆ. ಅಮ್ಮ ಬಯಸಿದ ರಕ್ಷಣೆ ಇಲ್ಲಿ, ಈ ಮಟ್ಟಿಗೆ, ನಿಜವೇ. ಆದರೆ ಪಾದದ ಹಿಂಭಾಗ ಹಿಂದಿನ ಚಕ್ರದ ಕಡೆ ಸಿಕ್ಕಿಕೊಳ್ಳಬಹುದು, ಬಲಕ್ಕೆ ಬಿದ್ದರೆ ಬಿಸಿ ಸೈಲೆನ್ಸರ್ ಮೀನಖಂಡವನ್ನು ಸುಡಬಹುದು. ಮುಂದಿನ ಗಾರ್ಡ್ ಅದನ್ನು ತಡೆಯುವುದಿಲ್ಲ.

ಬೈಕು ಅರ್ಧಕ್ಕಿಂತ ಹೆಚ್ಚು ವಾಲಿದ ಮೇಲೆ ಅದನ್ನು ಹಿಡಿದು ನಿಲ್ಲಿಸಲು ಹೋಗಬೇಡಿ ಎಂದು ಎಲ್ಲರಿಗೂ ಹೇಳಿಕೊಡುತ್ತೇನೆ. ಸ್ಪ್ಲೆಂಡರ್ ಸುಮಾರು 112 ಕೆ.ಜಿ., ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 195 ಕೆ.ಜಿ. ಸ್ಪ್ಲೆಂಡರನ್ನು ಗಟ್ಟಿಮುಟ್ಟಾದವರು ತಡೆದಾರು. ಕ್ಲಾಸಿಕ್ಕನ್ನು ಒಂದೇ ಕಾಲಿನ ಮೇಲೆ ತಡೆಯಹೋದರೆ ಸೊಂಟವೋ ಮಂಡಿಯೋ ಹೋಗುತ್ತದೆ. ಕೈ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲಿ. ಬಿದ್ದ ಬೈಕಿನ ಕೀ ಮೊದಲು ಆಫ್ ಮಾಡಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆಳೆದಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಎಡಕ್ಕೆ ಬಿದ್ದೀತು. ಗೇರಿನಲ್ಲಿಡಿ. ಬೈಕಿಗೆ ಬೆನ್ನು ಮಾಡಿ, ಸೊಂಟವನ್ನು ಸೀಟಿಗೆ ಆನಿಸಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ ಇನ್ನೊಂದು ಕೈಯಲ್ಲಿ ಹಿಂದಿನ ಹಿಡಿಕೆ ಹಿಡಿದು, ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ತಳ್ಳುತ್ತಾ ಏಳಿ. ಬಲ ತೊಡೆಯಿಂದ ಬರಬೇಕು, ಬೆನ್ನಿನಿಂದಲ್ಲ. ಗಾರ್ಡ್ ಇರುವ ಬೈಕು ಪೂರ್ತಿ ಮಲಗಿರುವುದಿಲ್ಲವಾದ್ದರಿಂದ ಎತ್ತುವುದು ಅಷ್ಟರಮಟ್ಟಿಗೆ ಹಗುರ. ಭಾರದ ಬೈಕು ಕೊಳ್ಳುವವರಿಗೆ ಗಾರ್ಡ್ ಹಾಕಿಸಿ ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಇನ್ನು ಓಡುವಾಗಿನ ಡಿಕ್ಕಿ. ಒಂದು ಚಿಕ್ಕ ಲೆಕ್ಕ ಮಾಡೋಣ, ಹೈಸ್ಕೂಲಿನ ಭೌತವಿಜ್ಞಾನ ಸಾಕು. 195 ಕೆ.ಜಿ.ಯ ಬೈಕು ನಿಂತಲ್ಲೇ ವಾಲಿ ಬೀಳುವಾಗ ಅದರ ಭಾರದ ಕೇಂದ್ರ ಸುಮಾರು 30 ಸೆಂಟಿಮೀಟರ್ ಕೆಳಗಿಳಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಗಾರ್ಡ್ ತಡೆಯಬೇಕಾದ ಶಕ್ತಿ ಹೆಚ್ಚೆಂದರೆ 600 ಜೂಲಿನ ಒಳಗೆ. ಅದೇ ಬೈಕು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಅದರ ಚಲನಶಕ್ತಿ ಸುಮಾರು 12,000 ಜೂಲ್. ವೇಗ 60 ಆದರೆ 27,000. ನಿಮ್ಮ ಮೈಭಾರವನ್ನು ನಾನು ಸೇರಿಸಿಯೇ ಇಲ್ಲ. ಬೆರಳಿನಷ್ಟು ದಪ್ಪದ ಪೈಪು 600 ಜೂಲನ್ನು ಬಾಗದೆ ತಡೆದುಕೊಳ್ಳಬಹುದು. ಇಪ್ಪತ್ತು, ನಲವತ್ತು ಪಟ್ಟು ಶಕ್ತಿಯನ್ನು ಅದು ತಡೆಯಲಾರದು, ತಡೆಯಲಿ ಎಂದು ಯಾರೂ ಅದನ್ನು ಮಾಡಿಯೂ ಇಲ್ಲ.

ಇದು ಬರೀ ಲೆಕ್ಕದ ಮಾತಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ತನಿಖೆ ಮಾಡಿ, ಜೊತೆಗೆ 3,600 ಪೊಲೀಸ್ ವರದಿಗಳನ್ನು ಪರಿಶೀಲಿಸಿ, 1981ರಲ್ಲಿ ವರದಿ ಕೊಟ್ಟಿತು. ಸವಾರರು ಇಂದಿಗೂ ಅದನ್ನು ಹರ್ಟ್ ವರದಿ ಎಂದೇ ಉಲ್ಲೇಖಿಸುತ್ತಾರೆ. ಕ್ರ್ಯಾಶ್ ಗಾರ್ಡ್ ಗಾಯವನ್ನು ತಗ್ಗಿಸುವ ಪರಿಣಾಮಕಾರಿ ಸಾಧನವಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿದೆ. ಪಾದ ಮತ್ತು ಕಣಕಾಲಿನ ಗಾಯ ಗಾರ್ಡಿನಿಂದ ಕಡಿಮೆಯಾಗಿತ್ತು, ಆದರೆ ಮಂಡಿ, ತೊಡೆ, ಮೊಣಕಾಲ ಕೆಳಗಿನ ಗಾಯ ಅಷ್ಟೇ ಹೆಚ್ಚಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಡಿಕ್ಕಿಯಲ್ಲಿ ಬೈಕು ನಿಲ್ಲುತ್ತದೆ, ಸವಾರನ ಮೈ ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋಗುವ ಮಂಡಿಯ ದಾರಿಯಲ್ಲೇ ಆ ಪೈಪು ಇರುತ್ತದೆ.

ಅದೇ ವರದಿಯ ಇನ್ನೊಂದು ಅಂಶ ಬೆಂಗಳೂರಿನವರು ಗಮನಿಸಬೇಕಾದದ್ದು. ಅಲ್ಲಿ ಅರ್ಧದಷ್ಟು ಅಪಘಾತಗಳಲ್ಲಿ ಡಿಕ್ಕಿಯ ಹೊತ್ತಿನ ವೇಗ ಗಂಟೆಗೆ 35 ಕಿ.ಮೀ. ದಾಟಿರಲಿಲ್ಲ. ನಮ್ಮ ಟ್ರಾಫಿಕ್ಕಿನಲ್ಲಿ ಯಾರು ಸ್ಪೀಡಾಗಿ ಹೋಗುತ್ತಾರೆ ಎಂದುಕೊಂಡು ಗಾರ್ಡನ್ನೇ ನಂಬಿ ಕೂರಬೇಡಿ. ಮೇಖ್ರಿ ವೃತ್ತದಿಂದ ಹೆಬ್ಬಾಳಕ್ಕೆ ರಸ್ತೆ ಸ್ವಲ್ಪ ತೆರವಾದ ಕೂಡಲೇ ಎಲ್ಲರೂ ಮುಟ್ಟುವ ವೇಗ ಅದು.

ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಸರ್ಕಾರದ ರಸ್ತೆ ಸಂಶೋಧನಾ ಪ್ರಯೋಗಾಲಯ ಪೈಪಿಗಿಂತ ಎಷ್ಟೋ ಗಟ್ಟಿಯಾದ, ಕಾಲನ್ನೇ ಸುತ್ತುವರಿಯುವ ರಕ್ಷಾಕವಚಗಳನ್ನು ಬೈಕಿಗೆ ಕಟ್ಟಿ ಪರೀಕ್ಷಿಸಿತು. ಕಾಲಿನ ಗಾಯ ತಗ್ಗುತ್ತದೆ ಎಂದು ಸಂಶೋಧಕರು ವಾದಿಸಿದರು. ಕಾಲು ಸಿಕ್ಕಿಕೊಂಡರೆ ಸವಾರನ ಮೈ ಹಾರುವ ರೀತಿಯೇ ಬದಲಾಗಿ ತಲೆಗೂ ಎದೆಗೂ ಹೆಚ್ಚು ಪೆಟ್ಟಾಗಬಹುದು ಎಂದು ತಯಾರಕರು ಎದುರುವಾದ ಮಾಡಿದರು. ಕೊನೆಗೆ ಅದು ಕಡ್ಡಾಯವಾಗಲಿಲ್ಲ. ವರ್ಷಗಟ್ಟಲೆ ಪ್ರಯೋಗ ಮಾಡಿದ ಕವಚಗಳ ಕತೆಯೇ ಹೀಗಿರುವಾಗ, ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಕೂರಿಸುವ ಪೈಪಿನ ಮೇಲೆ ಕಾಲಿನ ಭರವಸೆ ಇಡುವುದು ಸರಿಯಲ್ಲ.

ಹಾಗಿದ್ದರೆ ಉತ್ತರ ಬೆಂಗಳೂರಿನಲ್ಲಿ ಯಾರಿಗೆ ಬೇಕು, ಯಾರಿಗೆ ಬೇಡ? ಆರ್.ಟಿ. ನಗರ, ಗಂಗಾನಗರ, ಸುಲ್ತಾನ್‌ಪಾಳ್ಯದಂಥ ಕಡೆ ಇದ್ದು, ಬೈಕನ್ನು ರಸ್ತೆ ಬದಿಯಲ್ಲೇ ನಿಲ್ಲಿಸುವವರಾದರೆ ಹಾಕಿಸಿ. ಅಲ್ಲಿ ಬೈಕು ನೀವಿಲ್ಲದಾಗಲೇ ಹೆಚ್ಚು ಬೀಳುತ್ತದೆ. ಕಾರು ರಿವರ್ಸ್ ತೆಗೆಯುವವರು ತಳ್ಳುತ್ತಾರೆ, ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಯಶವಂತಪುರ ರೈಲು ನಿಲ್ದಾಣದ ಬಳಿ ಒತ್ತೊತ್ತಾಗಿ ನಿಲ್ಲಿಸಿದ ಬೈಕುಗಳಲ್ಲಿ ಒಂದು ವಾಲಿದರೆ ಸಾಲೇ ವಾಲುತ್ತದೆ. 150 ಕೆ.ಜಿ. ಮೀರಿದ ಬೈಕು ಕೊಂಡ ಹೊಸಬರೂ ಹಾಕಿಸಿ.

ದಿನವೂ ಗೊರಗುಂಟೆಪಾಳ್ಯದ ಮೇಲೆ ಪೀಣ್ಯಕ್ಕೆ ಹೋಗುವವರಿಗೆ ಬೇರೆ ಮಾತು ಹೇಳಬೇಕಾಗಿದೆ. ಅಲ್ಲಿ ನಿಮ್ಮ ಅಪಾಯ ಲಾರಿ. ಎಡಕ್ಕೆ ತಿರುಗುವ ಲಾರಿಯ ಎಡಪಕ್ಕದಲ್ಲಿ ಸಿಕ್ಕಿಕೊಂಡವರಿಗೆ ಯಾವ ಗಾರ್ಡೂ ನೆರವಿಗೆ ಬರುವುದಿಲ್ಲ. ಚಾಲಕನ ಮುಖ ಲಾರಿಯ ಕನ್ನಡಿಯಲ್ಲಿ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ ಎಂದು ತಿಳಿದು ಹಿಂದೆಯೇ ಉಳಿಯಿರಿ. ಭಾನುವಾರ ನಸುಕಿನಲ್ಲಿ ಯಲಹಂಕದ ಮೇಲೆ ನಂದಿಬೆಟ್ಟಕ್ಕೆ ಹೊರಡುವ ಹುಡುಗರಿಗೆ ಅಗಲದ ಬಟರ್‌ಫ್ಲೈ ಗಾರ್ಡ್ ಬೇಡವೇ ಬೇಡ. ಬೆಟ್ಟದ ತಿರುವಿನಲ್ಲಿ ಬೈಕು ವಾಲಿಸಿದಾಗ ಗಾರ್ಡಿನ ಅಂಚು ಟಾರಿಗೆ ತಾಗಿದರೆ ಚಕ್ರದ ಮೇಲಿನ ಭಾರ ಗಾರ್ಡಿನ ಮೇಲೆ ಹೋಗಿ ಹಿಡಿತ ತಪ್ಪುತ್ತದೆ. ಜಾರುತ್ತಿರುವ ಬೈಕಿನ ಗಾರ್ಡ್ ಗುಂಡಿಗೋ ಕಲ್ಲಿಗೋ ಸಿಕ್ಕಿದರೆ ಜಾರಿ ನಿಲ್ಲಬೇಕಾದ ಬೈಕು ಪಲ್ಟಿ ಹೊಡೆಯುತ್ತದೆ.

ಅಗಲದ ಬಗ್ಗೆ ಇನ್ನೂ ಒಂದು ಸಂಗತಿ ಇದೆ. ಹ್ಯಾಂಡಲ್ ನುಸುಳಿದರೆ ಬೈಕು ನುಸುಳುತ್ತದೆ ಎಂಬುದು ನಮ್ಮ ಸವಾರರ ಲೆಕ್ಕ. ಆದರೆ ರಸ್ತೆ ನಡುವಿನ ಕಾಂಕ್ರೀಟ್ ತಡೆಗೋಡೆ ಮೇಲೆ ಕಿರಿದು, ಬುಡದಲ್ಲಿ ಅಗಲ. ಕಾಮಗಾರಿಯ ಬ್ಯಾರಿಕೇಡುಗಳ ಪಾದವೂ ಹೊರಗೆ ಚಾಚಿರುತ್ತದೆ. ಬಿಎಂಟಿಸಿ ಬಸ್ಸಿಗೂ ತಡೆಗೋಡೆಗೂ ನಡುವೆ ನುಸುಳುವಾಗ ಹ್ಯಾಂಡಲಿಗೆ ಜಾಗವಿದ್ದರೂ ಕೆಳಗೆ ಗಾರ್ಡಿಗೆ ಇರುವುದಿಲ್ಲ, ಅದು ನಿಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಹಾಗಾಗಿ ಗಾರ್ಡಿನ ಅಗಲ ಹ್ಯಾಂಡಲಿಗಿಂತ ಎರಡೂ ಕಡೆ ಚೆನ್ನಾಗಿಯೇ ಒಳಗಿರಬೇಕು.

ಕೊಳ್ಳುವಾಗ ನಿಮ್ಮ ಮಾದರಿಗೆಂದೇ ಬೈಕ್ ಕಂಪನಿ ಮಾಡಿದ್ದನ್ನೇ ಕೇಳಿ. ಜೆ.ಸಿ. ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ, ನಿಜ. ತೊಂದರೆ ಬೆಲೆಯಲ್ಲಿಲ್ಲ, ಅದನ್ನು ಎಲ್ಲಿಗೆ ಬಿಗಿಯುತ್ತಾರೆ ಎಂಬುದರಲ್ಲಿದೆ. ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಬೋಲ್ಟಿಗೇ ಎಷ್ಟೋ ಗಾರ್ಡುಗಳು ಜೋತುಬೀಳುತ್ತವೆ. ಪೈಪು ಬಲವಾಗಿದ್ದು ಹಿಡಿಕೆ ತಪ್ಪಿದ್ದರೆ ಪೆಟ್ಟು ಪೈಪಿನಲ್ಲಿ ನಿಲ್ಲದೆ ನೇರ ಚಾಸಿಗೆ ಹೋಗುತ್ತದೆ. ಸಾವಿರ ರೂಪಾಯಿಯ ಲಿವರ್ ಉಳಿಸಲು ಹೋಗಿ ಚಾಸಿ ಬಾಗಿಸಿಕೊಂಡರೆ ಬೈಕಿನ ಆಯುಸ್ಸೇ ಮುಗಿದಂತೆ. ಚಾಸಿಗೆ ತೂತು ಕೊರೆಯುತ್ತೇನೆ, ವೆಲ್ಡಿಂಗ್ ಮಾಡುತ್ತೇನೆ ಎನ್ನುವ ಮೆಕ್ಯಾನಿಕ್ಕಿನಿಂದ ಬೈಕು ವಾಪಸು ತನ್ನಿ.

ಕೂರಿಸಿದ ಮೇಲೆ ಅಂಗಡಿ ಬಿಡುವ ಮುನ್ನ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಬಲವಾಗಿ ಕೆಳಕ್ಕೆ ಒತ್ತಿ, ಮಡ್‌ಗಾರ್ಡ್ ಪೈಪಿಗೆ ತಾಗುತ್ತದೆಯೇ ಗಮನಿಸಿ. ಸ್ಪಾರ್ಕ್ ಪ್ಲಗ್ಗಿಗೆ, ಆಯಿಲ್ ಫಿಲ್ಟರಿಗೆ ಪಾನಾ ಹೋಗುತ್ತದೆಯೇ ಕೇಳಿ. ಪೈಪಿನ ತುದಿಗಳು ತೆರೆದಿರಬಾರದು, ಚೂಪಾಗಿಯೂ ಇರಬಾರದು. ಅದು ತಗಲುವುದು ರಸ್ತೆ ದಾಟುವವರ ಮೊಣಕಾಲಿಗೆ. ಒಂದು ವಾರ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ಕಾನೂನಿನ ವಿಷಯ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಪತ್ರ ಬರೆಯಿತು. ಅಲ್ಲಿ ಮುಖ್ಯ ಚಿಂತೆ ಕಾರು, ಜೀಪುಗಳ ಮುಂದಿನ ದಪ್ಪ ಕಂಬಿಗಳದ್ದು. ಅವು ಪಾದಚಾರಿಗಳನ್ನು ಜಜ್ಜುತ್ತವೆ. ಆಧಾರ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ನಿಯಮ ಒಪ್ಪದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ ಆಗಬಹುದು. ಶೋರೂಮಿನಲ್ಲೇ ಹಾಕಿಸಿ ಬಿಲ್ಲಿನಲ್ಲಿ ನಮೂದಿಸಿಕೊಳ್ಳಿ ಎನ್ನುವುದು ಇದಕ್ಕೇ. ವಿಮೆಗೂ ಆ ಬಿಲ್ಲು ಬೇಕು, ಪಾಲಿಸಿಯಲ್ಲಿ ಸೇರದ ಬಿಡಿಭಾಗಕ್ಕೆ ಪರಿಹಾರ ಸಿಗುವುದಿಲ್ಲ. ಗಾರ್ಡಿಗೆ ಕಣ್ಣು ಕುಕ್ಕುವ ಎಲ್‌ಇಡಿ ದೀಪ ಕಟ್ಟಿಸಬೇಡಿ. ಎದುರಿನವನಿಗೆ ಕಣ್ಣು ಕತ್ತಲೆ ಕಟ್ಟಿದರೆ ಅವನು ಬರುವುದು ನಿಮ್ಮ ಮೇಲೆಯೇ.

ಅದೇ ಪಟ್ಟಿಯಲ್ಲಿರುವ ಸಾರಿ ಗಾರ್ಡಿನ ಕತೆ ಬೇರೆ. ಅದು ಕಡ್ಡಾಯ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಮ್ಮ ಹುಡುಗರು ಮಾಡುವುದು ತದ್ವಿರುದ್ಧ: ನೋಟ ಕೆಡುತ್ತದೆಂದು ಸಾರಿ ಗಾರ್ಡ್ ಬಿಚ್ಚಿಸಿ, ನೋಟ ಹೆಚ್ಚುತ್ತದೆಂದು ಕ್ರ್ಯಾಶ್ ಗಾರ್ಡ್ ಹಾಕಿಸುತ್ತಾರೆ. ಅಮ್ಮನ ಸೆರಗು, ತಂಗಿಯ ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡರೆ ಕುತ್ತಿಗೆಗೇ ಬರುತ್ತದೆ. ದಯವಿಟ್ಟು ಅದನ್ನು ಬಿಚ್ಚಬೇಡಿ.

ಹಣದ ಮಾತು ಬಂದಾಗ ನನ್ನ ಸಲಹೆ ಕಟ್ಟುನಿಟ್ಟು. ಮೊದಲು ಐಎಸ್‌ಐ ಗುರುತಿನ, ತಲೆಗೆ ಬಿಗಿಯಾಗಿ ಕೂರುವ ಎರಡು ಹೆಲ್ಮೆಟ್. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಅದು ಕಡ್ಡಾಯ. ಆಮೇಲೆ ಕಣಕಾಲು ಮುಚ್ಚುವ ಗಟ್ಟಿ ಶೂ. ಹರ್ಟ್ ವರದಿಯಲ್ಲಿ ಗಾರ್ಡ್ ಕೊಟ್ಟ ಏಕೈಕ ಲಾಭ ಪಾದ, ಕಣಕಾಲಿನದು ಎಂಬುದನ್ನು ನೆನಪಿಡಿ. ಅದನ್ನು ಒಳ್ಳೆಯ ಶೂ ಯಾವ ಅಡ್ಡಪರಿಣಾಮವೂ ಇಲ್ಲದೆ ಕೊಡುತ್ತದೆ. ಚಪ್ಪಲಿ ಹಾಕಿಕೊಂಡು ಗಾರ್ಡ್ ಇರುವ ಬೈಕ್ ಓಡಿಸುವುದಕ್ಕಿಂತ ಶೂ ಹಾಕಿಕೊಂಡು ಗಾರ್ಡ್ ಇಲ್ಲದ ಬೈಕ್ ಓಡಿಸುವುದು ಮೇಲು. ಮೂರನೆಯದು ಟೈರ್. ಇಷ್ಟಾಗಿ ಹಣ ಉಳಿದರೆ ಗಾರ್ಡ್.

ಹಾಕಿಸಿದವರು ಅದನ್ನು ಗಾರ್ಡಾಗಿಯೇ ಬಳಸಬೇಕು. ದೇವನಹಳ್ಳಿ ಕಡೆಯ ಹೆದ್ದಾರಿಯಲ್ಲಿ ಕಾಲು ಚಾಚಿ ಗಾರ್ಡಿನ ಮೇಲಿಟ್ಟುಕೊಂಡು ಹೋಗುವವರನ್ನು ನೋಡಿರುತ್ತೀರಿ. 80ರ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಾಲು ವಾಪಸು ತಂದು ಹಿಂದಿನ ಬ್ರೇಕ್ ಹುಡುಕುವಷ್ಟರಲ್ಲಿ ಮುಂದಿನ ಕಾರು ಎದೆಗೆ ಬಂದಿರುತ್ತದೆ. ಹಾಲಿನ ಕ್ಯಾನು, ತರಕಾರಿ ಚೀಲ ನೇತುಹಾಕುವುದೂ ಬೇಡ. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ಗಾಳಿ ಕಟ್ಟುತ್ತದೆ, ತಿರುವಿನಲ್ಲಿ ಹ್ಯಾಂಡಲಿಗೆ ಅಡ್ಡ ಬರುತ್ತದೆ. ಗಾರ್ಡಿಗೆ ಬಣ್ಣದ ಹಗ್ಗ ಸುತ್ತುವ ಶೋಕಿ ಈಚೆಗೆ ಜಾಸ್ತಿಯಾಗಿದೆ. ಹಗ್ಗ ಮಳೆನೀರು ಹೀರಿ ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಒಳಗೆ ಪೈಪು ತುಕ್ಕು ಹಿಡಿಯುವುದು ಹೊರಗೆ ಕಾಣುವುದೇ ಇಲ್ಲ. ಸುತ್ತಲೇಬೇಕೆಂದರೆ ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿ.

ಬಿದ್ದು ಬಾಗಿದ ಗಾರ್ಡನ್ನು ಸುತ್ತಿಗೆಯಿಂದ ಹೊಡೆದೋ ಕಾಯಿಸಿಯೋ ನೆಟ್ಟಗೆ ಮಾಡಿಸಬೇಡಿ. ಒಮ್ಮೆ ಬಾಗಿದ ಪೈಪು ಅದೇ ಜಾಗದಲ್ಲಿ ಮತ್ತೆ ಸುಲಭವಾಗಿ ಬಾಗುತ್ತದೆ, ವೆಲ್ಡಿಂಗ್ ಕೂಡುಗಳಲ್ಲಿ ಕಣ್ಣಿಗೆ ಕಾಣದ ಬಿರುಕಿರುತ್ತದೆ. ಬಿಚ್ಚಿ ಗುಜರಿಗೆ ಹಾಕಿ ಹೊಸದು ತನ್ನಿ. ಬಿಚ್ಚಿದಾಗಲೇ ಅದರ ಹಿಂದಿನ ಚಾಸಿಯ ಕೊಳವೆ, ಎಂಜಿನ್ ಹಿಡಿದಿರುವ ಬೋಲ್ಟು, ಅದರ ತೂತು ಇವುಗಳಲ್ಲಿ ಬಣ್ಣ ಎದ್ದಿದೆಯೇ, ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದೆಯೇ ಎಂದು ಮೆಕ್ಯಾನಿಕ್ಕಿನ ಜೊತೆ ನಿಂತು ಟಾರ್ಚ್ ಹಾಕಿ ನೋಡಿ. ಹಿಗ್ಗಿದ್ದರೆ ಹೊಸ ಗಾರ್ಡ್ ಕೂರಿಸುವ ಮುನ್ನ ಚಾಸಿಯನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅಳತೆ ಮಾಡಿಸಿ.